ಸೊನ್ನೆಯನ್ನೂ ನಂಬದ ಡಿಬಿಎ

ದೂರದೂರದ ಎರಡು ಸರ್ವರ್‌ಗಳ ನಡುವೆ ಡೇಟಾಬೇಸ್ ರೆಪ್ಲಿಕೇಶನ್ ನಡೆಸಿಕೊಂಡು ಹೋಗುವ ಡಿಬಿಎ, ಅಂದರೆ ಡೇಟಾಬೇಸ್ ಆಡಳಿತಗಾರ, ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಹೇರಳವಾಗಿ ಸಿಗುವ ಮನುಷ್ಯ. ಮೂಲ ಡೇಟಾಬೇಸ್ ಅಮೆರಿಕದ ವರ್ಜೀನಿಯಾದಲ್ಲಿ, ಅದರ ಪ್ರತಿ ಮುಂಬೈಯಲ್ಲಿ, ಇವನು ಬೆಳ್ಳಂದೂರಿನಲ್ಲಿ. ಅಲ್ಲಿ ಬರೆದದ್ದು ಇಲ್ಲಿಗೆ ಬಂತೇ ಎಂದು ನೋಡುವುದು ಕೆಲಸ. ಬಂದರೆ ಯಾರೂ ವಿಚಾರಿಸುವುದಿಲ್ಲ. ಬಾರದಿದ್ದರೆ ಹದಿನಾಲ್ಕು ಜನ ಬ್ರಿಜ್ ಕಾಲ್‌ನಲ್ಲಿ ಸೇರಿ ವಿಚಾರಿಸುತ್ತಾರೆ. ಈ ವರ್ಗದಲ್ಲಿ ಹೆಂಗಸರೂ ಇದ್ದಾರೆ, ಲಕ್ಷಣಗಳಲ್ಲಿ ವ್ಯತ್ಯಾಸವಿಲ್ಲ.

ಇವನ ದಿನಚರಿ ನಿಂತಿರುವುದು ಭೂಮಿ ತಿರುಗುವುದರ ಮೇಲೆ. ವರ್ಜೀನಿಯಾದ ನಡುರಾತ್ರಿ ಎಂದರೆ ಬೆಂಗಳೂರಿನ ಬೆಳಗಿನ ಹತ್ತೂವರೆ. ಅಲ್ಲಿಯವರು ಮಾರ್ಚ್‌ನಿಂದ ನವೆಂಬರ್‌ವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ಆ ತಿಂಗಳುಗಳಲ್ಲಿ ಒಂಬತ್ತೂವರೆ. ಗಿರಾಕಿಗಳೆಲ್ಲ ಮಲಗಿರುವ ಹೊತ್ತೆಂದು ಅಲ್ಲಿನ ತಂಡ ಹಳೆಯ ದಾಖಲೆ ಅಳಿಸುವ ದೊಡ್ಡ ಬ್ಯಾಚ್ ಕೆಲಸವನ್ನು ನಡುರಾತ್ರಿಗೇ ಇಟ್ಟಿರುತ್ತದೆ. ಹೀಗಾಗಿ ಚಳಿಗಾಲದಲ್ಲಿ ಇವನ ತಿಂಡಿ ಆಗಿರುತ್ತದೆ, ಬೇಸಗೆಯಲ್ಲಿ ಆಗಿರುವುದಿಲ್ಲ. ಮುಂಬೈಯ ಪ್ರತಿ ಎಷ್ಟು ಹಿಂದೆ ಬಿದ್ದಿದೆ ಎಂಬ ಲ್ಯಾಗ್ ಏರತೊಡಗುತ್ತದೆ. ತಾಯಿ ತಟ್ಟೆ ಹಿಡಿದು ನಿಂತು, "ಅದನ್ನೇ ದಿಟ್ಟಿಸ್ತಾ ಕೂತ್ರೆ ಇಳಿಯುತ್ತೇನೋ?" ಎಂದು ಕೇಳುತ್ತಾಳೆ. ಇಳಿಯುವುದಿಲ್ಲವೆಂದು ಅವನಿಗೂ ಗೊತ್ತು. ಆದರೂ ಐದು ಸೆಕೆಂಡಿಗೊಮ್ಮೆ ಲ್ಯಾಗ್ ತೋರಿಸುವ ಅದೇ ಕಮಾಂಡ್ ಒತ್ತುವುದು ಈ ವರ್ಗದ ಖಾಯಂ ಲಕ್ಷಣ.

ಅಳಿಸುವ ಕೆಲಸದಿಂದ ಇಷ್ಟು ರಾದ್ಧಾಂತ ಏಕೆಂದರೆ, ಆ ದಾಖಲೆಗಳಿರುವ ಟೇಬಲ್‌ಗೆ ಒಂದೊಂದು ಸಾಲನ್ನೂ ಗುರುತಿಸುವ ಪ್ರೈಮರಿ ಕೀ ಇರುವುದಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಬದಲಾವಣೆಗಳು ಒಂದೊಂದು ಸಾಲಾಗಿ ಹೋಗುವ ಪದ್ಧತಿಯಿದ್ದಾಗ ವರ್ಜೀನಿಯಾದಲ್ಲಿ ಓಡಿದ್ದು ಒಂದೇ ಡಿಲೀಟ್. ಮುಂಬೈಯಲ್ಲಿ, ಅದರಲ್ಲೂ ಹಳೆಯ ಆವೃತ್ತಿಗಳಲ್ಲಿ, ಅಳಿಸಬೇಕಾದ ಪ್ರತಿ ಸಾಲಿಗೂ ಇಡೀ ಟೇಬಲ್ ಜಾಲಾಡಬೇಕು. ಮದುವೆ ಛತ್ರದಲ್ಲಿ ಐನೂರು ಮಂದಿಯನ್ನು ಹುಡುಕಲು, ಒಬ್ಬೊಬ್ಬನಿಗೂ ಮೊದಲ ಪಂಕ್ತಿಯ ಮೊದಲ ಎಲೆಯಿಂದ ಮುಖ ನೋಡುತ್ತ ಬಂದ ಹಾಗೆ. ಆ ಟೇಬಲ್ ಮಾಡಿದವನು ಕಂಪನಿ ಬಿಟ್ಟು ಹೋಗಿರುತ್ತಾನೆ. ಇದಕ್ಕೆ ಅಪವಾದ ಕಂಡುಬಂದಿಲ್ಲ.

ದೂರದ ವಿಷಯದಲ್ಲಿ ಇವನಿಗೂ ಮ್ಯಾನೇಜರಿಗೂ ಹಳೆಯ ವ್ಯಾಜ್ಯವಿದೆ. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ವರ್ಜೀನಿಯಾ–ಮುಂಬೈ ನೇರ ದೂರ ಸುಮಾರು 13,000 ಕಿಲೋಮೀಟರ್. ಹೋಗಿ ಬರುವುದಕ್ಕೇ 130 ಮಿಲಿಸೆಕೆಂಡ್ ಬೇಕು. ಕೇಬಲ್ ಸಮುದ್ರದೊಳಗೆ ಸುತ್ತಿ ಬಳಸಿ ಬರುವುದರಿಂದ ವಾಸ್ತವದಲ್ಲಿ ಅದು 200ರ ಹತ್ತಿರ. ಬರೆದದ್ದನ್ನು ಖಾಯಂ ಮಾಡುವ ಪ್ರತಿ ಕಮಿಟ್ಟೂ ಮುಂಬೈಯ ಒಪ್ಪಿಗೆಗೆ ಕಾಯಬೇಕೆಂದರೆ ಒಂದು ಸಂಪರ್ಕದಲ್ಲಿ ಸೆಕೆಂಡಿಗೆ ಐದೇ ಕಮಿಟ್. ಮ್ಯಾನೇಜರ್ ಇದನ್ನೆಲ್ಲ ಸಾವಧಾನವಾಗಿ ಕೇಳಿ, "ಸರಿ, ಒಂದು ರೋನೂ ಲಾಸ್ ಆಗ್ಬಾರ್ದು, ಅಪ್ಲಿಕೇಶನ್ನೂ ಸ್ಲೋ ಆಗ್ಬಾರ್ದು. ಇಟಿಎ ಎಷ್ಟು?" ಎನ್ನುತ್ತಾನೆ. ಮಧ್ಯದ ದಾರಿಯೆಂದು ಸೆಮಿ-ಸಿಂಕ್ರನಸ್ ಪದ್ಧತಿ ಹಾಕಿಕೊಡುವುದುಂಟು. ಅದು ದೂರದ ಪ್ರತಿಯ ಉತ್ತರಕ್ಕೆ ಹತ್ತು ಸೆಕೆಂಡ್ ಕಾಯುತ್ತದೆ, ಬಾರದಿದ್ದರೆ ಲಾಗ್‌ನಲ್ಲಿ ಒಂದು ಸಾಲು ಗೀಚಿ ಕಾಯುವುದನ್ನೇ ಬಿಟ್ಟುಬಿಡುತ್ತದೆ. ಮ್ಯಾನೇಜರಿನ ಸ್ಲೈಡ್‌ನಲ್ಲಿ ಮೊದಲರ್ಧ ಮಾತ್ರ ಇರುತ್ತದೆ.

ಈ ಮನುಷ್ಯನನ್ನು ಉಳಿದವರಿಂದ ಬೇರ್ಪಡಿಸುವ ಮುಖ್ಯ ಗುಣ, ಸೊನ್ನೆಯ ಮೇಲಿನ ಅಪನಂಬಿಕೆ. ಪ್ರತಿ, ಅಂದರೆ ರೆಪ್ಲಿಕಾ, ಎಷ್ಟು ಸೆಕೆಂಡ್ ಹಿಂದಿದೆ ಎಂದು ಮೈಎಸ್‌ಕ್ಯುಎಲ್ ಒಂದು ಅಂಕಿ ತೋರಿಸುತ್ತದೆ. ಅದು ಸಾವಿರ ಎಂದು ತೋರಿಸಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಇವನು ಆಗುವುದಿಲ್ಲ; ಕೆಲಸ ನಡೆಯುತ್ತಿದೆ ಎಂದಾಯಿತು. ಸೊನ್ನೆ ಕಂಡರೆ ಎಲ್ಲರೂ ಊಟಕ್ಕೆ ಏಳುತ್ತಾರೆ, ಇವನು ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಕಾರಣವಿದೆ. ಆ ಅಂಕಿ ಲೆಕ್ಕ ಹಾಕುವುದು ಮುಂಬೈಗೆ ಬಂದು ಬಿದ್ದಿರುವುದರಲ್ಲಿ ಎಷ್ಟು ಬಾಕಿಯಿದೆ ಎಂದು ಮಾತ್ರ. ಸಮುದ್ರದಾಚೆಯಿಂದ ಇನ್ನೂ ಹೊರಡದೇ ಇರುವುದು ಅದರ ಗಮನಕ್ಕೆ ಬರುವುದಿಲ್ಲ. ಲಿಂಕ್ ತೆವಳುತ್ತಿದ್ದರೆ ಬಂದದ್ದೆಲ್ಲ ತಕ್ಷಣ ಮುಗಿಯುತ್ತದೆ, ಆದ್ದರಿಂದ ಸೊನ್ನೆ. ಇನ್ನೂ ಕೆಟ್ಟದ್ದೆಂದರೆ, ನಡುವಿನ ಫೈರ್‌ವಾಲ್ ಮಾತಿಲ್ಲದೆ ಕೂತ ಸಂಪರ್ಕವನ್ನು ಎರಡೂ ಕಡೆಗೆ ತಿಳಿಸದೆ ಮರೆತುಬಿಟ್ಟಿರುತ್ತದೆ. ರೆಪ್ಲಿಕಾ ಮಾತ್ರ ಸಂಪರ್ಕದಲ್ಲಿದ್ದೇನೆ ಎಂದೇ ನಂಬಿ ಕಾಯುತ್ತಿರುತ್ತದೆ; ಮೈಎಸ್‌ಕ್ಯುಎಲ್ 5.7.7ಕ್ಕೆ ಮುಂಚಿನ ಆವೃತ್ತಿಗಳಲ್ಲಿ ಹೀಗೆ ಕಾಯುವ ಅವಧಿ 3,600 ಸೆಕೆಂಡ್, ಆಮೇಲೆ ಅದನ್ನು 60ಕ್ಕೆ ಇಳಿಸಿದರು. ಅಷ್ಟು ಹೊತ್ತೂ ಪರದೆಯ ಮೇಲೆ ಎಲ್ಲವೂ ಹಸಿರು.

ಆದ್ದರಿಂದ ಅನುಭವಸ್ಥ ಡಿಬಿಎ ಒಂದು ಪುಟ್ಟ ಟೇಬಲ್ ಇಟ್ಟುಕೊಂಡಿರುತ್ತಾನೆ. ಮೂಲದಲ್ಲಿ ಪ್ರತಿ ಸೆಕೆಂಡಿಗೂ ಅದರೊಳಗೆ ಸಮಯ ಬರೆಯಿಸುವುದು, ಪ್ರತಿಯಲ್ಲಿ ಓದಿ ಕಳೆಯುವುದು. ಪರ್ಕೋನಾ ಟೂಲ್‌ಕಿಟ್‌ನ ಪಿಟಿ-ಹಾರ್ಟ್‌ಬೀಟ್ ಮಾಡುವುದೂ ಇದನ್ನೇ. ಎರಡೂ ಸರ್ವರ್‌ಗಳ ಗಡಿಯಾರ ಒಂದೇ ಆಗಿರಬೇಕು ಎಂಬ ಷರತ್ತಿದೆ. ಹಾಗಾಗಿ ಮುಂದೆ ಅವನು ಗಡಿಯಾರವನ್ನೂ ನಂಬುವುದಿಲ್ಲ.

ಇವನ ಸಹಜ ಪ್ರತಿಸ್ಪರ್ಧಿ ನೆಟ್‌ವರ್ಕ್ ತಂಡದವನು. ಇಬ್ಬರೂ ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವ ಸ್ನೇಹಿತರು, ಬ್ರಿಜ್ ಕಾಲ್‌ನಲ್ಲಿ ಮಾತ್ರ ಪರಿಚಯವಿಲ್ಲ. ಸಂಭಾಷಣೆಗೆ ನಿಗದಿತ ರೂಪವಿದೆ:

"ಪಿಂಗ್ ಹೋಗ್ತಿದೆ ಗುರು. ನಮ್ ಕಡೆಯಿಂದ ಏನೂ ಇಲ್ಲ."

"ಪಿಂಗ್ ಹೋದ್ರೆ ಡೇಟಾ ಹೋದ ಹಾಗಾ?"

"ಲಿಂಕ್ ಒಂದು ಗಿಗ ಇದೆ. ಐದು ಪರ್ಸೆಂಟೂ ಯೂಸ್ ಆಗ್ತಿಲ್ಲ. ನಿಮ್ ಡಿಬಿನೇ ನೋಡ್ಕೊಳ್ಳಿ."

ಲಿಂಕ್ ಬಳಕೆಯಾಗದಿರುವುದೇ ದೂರು ಎಂಬುದು ಇಲ್ಲಿ ಕಳೆದುಹೋಗುವ ಅಂಶ. ಟಿಸಿಪಿ ಒಂದು ಕಂತು ಕಳಿಸಿ, ಅದು ತಲುಪಿತೆಂಬ ಉತ್ತರ ಬರುವವರೆಗೆ ಕಾಯುತ್ತದೆ. ಕಂತಿನ ಅಳತೆಯನ್ನು ಹಿಗ್ಗಿಸುವ ಏರ್ಪಾಡು 1992ರಲ್ಲೇ ಬಂದಿದೆ. ಆದರೆ ದಾರಿಯಲ್ಲಿ ಎಲ್ಲೋ ಒಂದು ಹಳೆಯ ಪೆಟ್ಟಿಗೆ ಆ ಸೂಚನೆಯನ್ನು ಕಿತ್ತುಹಾಕಿದರೆ ಕಂತು 64 ಕಿಲೋಬೈಟ್‌ಗೇ ನಿಲ್ಲುತ್ತದೆ. ಹೋಗಿ ಬರಲು 200 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ ಐದು ಕಂತು, ಅಂದರೆ 320 ಕಿಲೋಬೈಟ್. ಲಿಂಕ್ ಒಂದು ಗಿಗಾಬಿಟ್ ಇದ್ದರೂ ಅಷ್ಟೇ, ಹತ್ತು ಇದ್ದರೂ ಅಷ್ಟೇ. ಕಂಪನಿ ಸಾಮಾನ್ಯವಾಗಿ ಹತ್ತು ಗಿಗಾಬಿಟ್‌ನದನ್ನು ಕೊಂಡ ಮೇಲೆ ಇದು ಬೆಳಕಿಗೆ ಬರುತ್ತದೆ.

ಪಿಂಗ್‌ನ ಕಥೆಯೂ ಸ್ವಾರಸ್ಯವಾದದ್ದು. ಲಿನಕ್ಸ್‌ನಲ್ಲಿ ಸುಮ್ಮನೆ ಪಿಂಗ್ ಎಂದರೆ ಹೋಗುವ ಪ್ಯಾಕೆಟ್ 84 ಬೈಟ್‌ನದು. ಡೇಟಾಬೇಸ್ ಕಳಿಸುವುದು 1,500 ಬೈಟ್ ತುಂಬಿದ ಪ್ಯಾಕೆಟ್. ನಡುವೆ ವಿಪಿಎನ್ ಸುರಂಗವಿದ್ದರೆ ಅದರ ಹೊದಿಕೆಗೇ ಒಂದಿಷ್ಟು ಜಾಗ ಹೋಗಿ, ತುಂಬಿದ ಪ್ಯಾಕೆಟ್ ಹಿಡಿಸುವುದಿಲ್ಲ. ಚಿಕ್ಕದು ಮಾಡಿ ಕಳಿಸು ಎಂದು ರೂಟರ್ ಐಸಿಎಂಪಿ ಸಂದೇಶ ಹಿಂದಿರುಗಿಸುತ್ತದೆ. ಐಸಿಎಂಪಿ ಅಪಾಯಕಾರಿ ಎಂದು ಯಾವುದೋ ಆಡಿಟ್‌ನಲ್ಲಿ ಕೇಳಿದ ಸೆಕ್ಯೂರಿಟಿ ತಂಡ ಪಿಂಗ್ ಒಂದನ್ನು ಬಿಟ್ಟು ಉಳಿದ ಐಸಿಎಂಪಿಯನ್ನು ತಡೆದಿಟ್ಟಿರುತ್ತದೆ. ಹೀಗಾಗಿ ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ಚಿಕ್ಕ ಸಾಲುಗಳು ಬರುತ್ತವೆ, ಉದ್ದನೆಯ ಸಾಲೊಂದು ಬಂದ ಕೂಡಲೇ ಎಲ್ಲವೂ ಸ್ತಬ್ಧ. ತುಂಡು ಮಾಡಬೇಡ ಎಂಬ ಸೂಚನೆಯೊಂದಿಗೆ 1,472 ಬೈಟ್‌ನ ಪಿಂಗ್ ಕಳಿಸಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಇದನ್ನು ಸಾಬೀತುಪಡಿಸಿದ ದಿನ ಡಿಬಿಎ ಸಂಜೆಯವರೆಗೂ ಹಾಡು ಗುನುಗುತ್ತಿರುತ್ತಾನೆ. ಮರುದಿನ ಬೆಳಿಗ್ಗೆ ಎಲ್ಲ ಸರಿಯಾಗಿರುತ್ತದೆ. ಏನು ಮಾಡಿದಿರಿ ಎಂದು ಕೇಳಿದರೆ ನೆಟ್‌ವರ್ಕ್‌ನವನ ಉತ್ತರವೂ ನಿಗದಿತ: "ಏನೂ ಮಾಡಿಲ್ಲ ಗುರು, ತಾನಾಗೇ ಸರಿಹೋಯ್ತು."

ಈ ಕುಲದಲ್ಲಿ ಒಂದು ಉಪಜಾತಿಯಿದೆ, ಸ್ಕಿಪ್ ಮಾಡುವವನು. ರೆಪ್ಲಿಕೇಶನ್ 1062 ಎಂಬ ಎರರ್ ಕೊಟ್ಟು ನಿಂತರೆ, ಅಂದರೆ ಬರೆಯಬೇಕಾದ ಸಾಲು ಆಗಲೇ ಅಲ್ಲಿದ್ದರೆ, ಅದು ಹೇಗೆ ಬಂತು ಎಂದು ಅವನು ಕೇಳುವುದಿಲ್ಲ. ಒಂದನ್ನು ದಾಟಿಸಿ ಮುಂದಕ್ಕೆ ಓಡಿಸುತ್ತಾನೆ. ಮತ್ತೆ ನಿಂತರೆ ಮತ್ತೊಂದು. ಬೇಸರವಾದಾಗ ಎಲ್ಲ ಎರರನ್ನೂ ದಾಟಿಸು ಎಂದು ಕಾನ್ಫಿಗ್ ಫೈಲ್‌ನಲ್ಲೇ ಬರೆದು, ಬಡ್ತಿ ಪಡೆದು ಹೊರಡುತ್ತಾನೆ. ಅವನ ಕಾಲದಲ್ಲಿ ರೆಪ್ಲಿಕೇಶನ್ ಒಮ್ಮೆಯೂ ನಿಂತಿರಲಿಲ್ಲ ಎಂದು ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಎರಡು ಕಡೆಯ ಡೇಟಾ ಹೋಲಿಸಿ ನೋಡಿದವನಿಗಷ್ಟೇ ಬೇರೆ ಅಭಿಪ್ರಾಯ.

ಪ್ರೋಗ್ರಾಂ ಕೋಡ್ ಇಡುವ ತಾಣಗಳಲ್ಲಿ ನಡೆದ ಹೆಸರಾಂತ ಎರಡು ಅವಘಡಗಳನ್ನು ಈ ಜನ ಬಾಯಿಪಾಠ ಮಾಡಿರುತ್ತಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಹಿಂದೆ ಬಿದ್ದ ಪೋಸ್ಟ್‌ಗ್ರೆಸ್ ಪ್ರತಿಯನ್ನು ಮತ್ತೆ ಕಟ್ಟಲು ಹೊರಟ ಎಂಜಿನಿಯರ್, ಖಾಲಿ ಮಾಡಬೇಕಾದ ಫೋಲ್ಡರನ್ನು ಪ್ರತಿಯ ಸರ್ವರ್‌ನಲ್ಲಿ ಅಲ್ಲ, ಮೂಲದಲ್ಲೇ ಅಳಿಸಿದ. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಸಂಪರ್ಕ ಕಡಿದದ್ದು 43 ಸೆಕೆಂಡ್. ಅಷ್ಟರಲ್ಲಿ ತಂತ್ರಾಂಶವೇ ನಿರ್ಧರಿಸಿ ಅಮೆರಿಕದ ಇನ್ನೊಂದು ತೀರದ ಸರ್ವರನ್ನು ಮೂಲವನ್ನಾಗಿಸಿತು, ಎರಡೂ ತೀರಗಳಲ್ಲಿ ಬೇರೆ ಬೇರೆ ಬರಹ ಉಳಿಯಿತು, ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಮೊದಲನೆಯದನ್ನು ಓದಿದವನು ಮೂಲ ಸರ್ವರ್‌ನ ಟರ್ಮಿನಲ್‌ಗೆ ಕೆಂಪು ಬಣ್ಣ ಹಾಕಿ, ಅಳಿಸುವ ಮುನ್ನ ಸರ್ವರ್ ಹೆಸರನ್ನು ಗಟ್ಟಿಯಾಗಿ ಹೇಳುತ್ತಾನೆ. ಎರಡನೆಯದನ್ನು ಓದಿದವನು ತಾನೇ ತಾನಾಗಿ ನಡೆಯುವ ಫೇಲ್‌ಓವರ್ ಬೇಡವೆನ್ನುತ್ತಾನೆ, ರಾತ್ರಿ ಮೂರಕ್ಕೆ ತನ್ನನ್ನೇ ಎಬ್ಬಿಸಿ ಎನ್ನುತ್ತಾನೆ. ಎಬ್ಬಿಸುತ್ತಾರೆ.

ಯಾವುದೂ ಫಲಿಸದಾಗ ಉಳಿಯುವುದು ಮೊದಲಿನಿಂದ ನಕಲು ಮಾಡುವುದು. ಎರಡು ಟೆರಾಬೈಟ್‌ನ ಡೇಟಾಬೇಸ್ 100 ಮೆಗಾಬಿಟ್ ವೇಗದಲ್ಲಿ ಮುಂಬೈ ತಲುಪಲು 44 ಗಂಟೆಗೂ ಮೇಲೆ ಬೇಕು. ನಕಲು ಮುಗಿಯುವಷ್ಟರಲ್ಲಿ ವರ್ಜೀನಿಯಾದಲ್ಲಿ ನಡೆದ ಬದಲಾವಣೆಗಳನ್ನು ಅಲ್ಲಿನ ಬೈನರಿ ಲಾಗ್‌ನಿಂದ ತರಿಸಿಕೊಳ್ಳಬೇಕು. ಡಿಸ್ಕ್ ಉಳಿತಾಯಕ್ಕೆಂದು ಆ ಲಾಗನ್ನು ಒಂದೇ ದಿನ ಇಟ್ಟುಕೊಳ್ಳುವಂತೆ ಯಾರೋ ಪುಣ್ಯಾತ್ಮ ಹೊಂದಿಸಿರುವುದು 45ನೆಯ ಗಂಟೆಯಲ್ಲಿ, 1236 ಎಂಬ ಎರರ್ ರೂಪದಲ್ಲಿ ತಿಳಿಯುತ್ತದೆ. ಆಗ ಡಿಬಿಎ ಲಾಗ್ ಉಳಿಸುವ ಅವಧಿಯನ್ನು ಏಳು ದಿನಕ್ಕೆ ಏರಿಸಿ, ಶನಿವಾರದ ಗೃಹಪ್ರವೇಶಕ್ಕೆ ಬರಲಾಗುವುದಿಲ್ಲವೆಂದು ಅತ್ತೆಗೆ ಫೋನ್ ಮಾಡಿ, ನಕಲನ್ನು ಮತ್ತೆ ಶುರು ಮಾಡುತ್ತಾನೆ.