ಕಾಫಿ ಸೀಮೆಯ ಮ್ಯಾಟಿನಿಯಲ್ಲಿ ರಸನಿಷ್ಪತ್ತಿ: ಒಂದು ಮೀಮಾಂಸೆ

ವಿಷಯ ಪ್ರವೇಶ

ಕಾಫಿ ಗಿಡಕ್ಕೆ ತಗಲುವ ರೋಗಗಳನ್ನು ಅಭ್ಯಾಸ ಮಾಡಲು ಬಾಳೆಹೊನ್ನೂರಿನ ಬಳಿ 1925ರಿಂದಲೂ ಒಂದು ಸಂಶೋಧನಾ ಕೇಂದ್ರವಿದೆ. ಆ ಗಿಡವನ್ನು ಬೆಳೆಸಿದವರು ಅರವತ್ತೈದು ದಾಟಿದ ಮೇಲೆ ಮಧ್ಯಾಹ್ನದ ಆಟಕ್ಕೆ ಟಾಕೀಸಿಗೆ ಹೋಗಿ ಏನು ಮಾಡುತ್ತಾರೆ ಎಂಬುದನ್ನು ಮಾತ್ರ ಯಾವ ಕೇಂದ್ರವೂ ಅಭ್ಯಾಸ ಮಾಡಿದಂತಿಲ್ಲ. ಈ ಕೊರತೆಯನ್ನು ತುಂಬುವ ಭಾರವನ್ನು, ಯಾರೂ ಕೇಳದಿದ್ದರೂ, ಪ್ರಸ್ತುತ ಪ್ರಬಂಧಕಾರನು ಹೊತ್ತಿದ್ದಾನೆ.

ಕ್ಷೇತ್ರ ಮತ್ತು ವಿಧಾನ

ಕ್ಷೇತ್ರ: ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಒಂದು ಏಕಪರದೆ ಟಾಕೀಸು. ಉಪಕರಣ: ಹಿಂದಿನ ಸಾಲಿನ ಒಂದು ಕುರ್ಚಿ, ಒಂದು ಪೊಟ್ಟಣ ಕಡಲೆಕಾಯಿ. ಋತು: ಮಳೆಗಾಲ. ನವೆಂಬರಿನಿಂದ ಫೆಬ್ರವರಿಯವರೆಗೆ ಸಂಶೋಧನೆ ಅಸಾಧ್ಯ. ಆಗ ಹಣ್ಣಿನ ಕೊಯ್ಲು. ಹಿರಿಯರೆಲ್ಲ ಕಣದಲ್ಲಿ ಕುರ್ಚಿ ಹಾಕಿಕೊಂಡು ಒಣಗುತ್ತಿರುವ ಕಾಫಿಯನ್ನೇ ಮೂರು ಆಟ ನೋಡುತ್ತಾರೆ.

ವರ್ಗೀಕರಣ

ಹಿರಿಯ ಪ್ರೇಕ್ಷಕರಲ್ಲಿ ಮುಖ್ಯವಾಗಿ ನಾಲ್ಕು ಪ್ರಭೇದಗಳು.

ಮೊದಲನೆಯದು ಯೋಗನಿದ್ರಾ ಪ್ರಭೇದ. ನ್ಯೂಸ್‌ರೀಲಿನ ಕಾಲದಿಂದಲೂ ಟಾಕೀಸಿನಲ್ಲಿ ಮಲಗುತ್ತ ಬಂದವರು. ಇವರ ಬಗ್ಗೆ ಹೇಳುವುದೇನೂ ಇಲ್ಲ. ಹೇಳಿದರೂ ಅವರಿಗೆ ಕೇಳಿಸದು.

ಎರಡನೆಯದು ವಂಶಾನ್ವೇಷಿ. ಹೆಚ್ಚಾಗಿ ಸ್ತ್ರೀಯರು. ಪರದೆಯ ಮೇಲೆ ಹೊಸ ಹುಡುಗಿ ಬಂದೊಡನೆ 'ಇದು ಯಾರ ಮಗಳೇ?' ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಸಿಗುವವರೆಗೆ ಕತೆ ಮುಂದುವರಿಯುವುದಿಲ್ಲ. ಪರದೆಯ ಮೇಲೆ ಮುಂದುವರಿದಿರುತ್ತದೆ, ಅದು ಬೇರೆ ಮಾತು.

ಮೂರನೆಯದು ಕಾಲನಿರ್ಣಯಕಾರ. ಇವರು ಶಾಲಿವಾಹನ ಶಕೆಯನ್ನಾಗಲಿ ಕ್ರಿಸ್ತಶಕವನ್ನಾಗಲಿ ಬಳಸುವುದಿಲ್ಲ. 'ಬಂಗಾರದ ಮನುಷ್ಯ' 1972ರದ್ದೆಂದು ಬಲ್ಲವರು ಹೇಳಿದರೆ, ಇವರು 'ಇಂದಿರಾಗಾಂಧಿ ನಮ್ಮಲ್ಲಿ ಎಲೆಕ್ಷನ್ನಿಗೆ ನಿಲ್ಲೋ ಆರು ವರ್ಷ ಮುಂಚೆ' ಎಂದು ತಿದ್ದುತ್ತಾರೆ. 1995ರ 'ಓಂ' ಇವರ ಪಂಚಾಂಗದಲ್ಲಿ 'ಬ್ರೆಜಿಲ್‌ನಲ್ಲಿ ಹಿಮ ಬಿದ್ದು ನಮ್ಮ ಕಾಫಿಗೆ ರೇಟು ಬಂತಲ್ಲ, ಅದರ ಮಾರನೇ ವರ್ಷ'. ಇವರಿಗೆ ಇನ್ನೊಂದು ಸಿದ್ಧಿಯೂ ಉಂಟು. ಕಾಫಿ ಬೋರ್ಡಿನ ಪೂಲಿಗೆ ಕಾಫಿ ಹಾಕಿ ಕಂತು ಕಂತಾಗಿ ಹಣ ಪಡೆದ ಪೀಳಿಗೆ ಇದು. ಆದ್ದರಿಂದ ಅರ್ಧ ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಬಂದರೂ, ಕತೆಯನ್ನು ಕಂತುಗಳಲ್ಲೇ ವಸೂಲು ಮಾಡಿ, ಕೊನೆಗೆ ಲೆಕ್ಕ ಸರಿ ಮಾಡಿಕೊಳ್ಳುತ್ತಾರೆ.

ನಾಲ್ಕನೆಯದು, ಈ ಪ್ರಬಂಧದ ಪ್ರಾಣವೇ ಆದದ್ದು: ಹಿನ್ನೆಲೆ ದರ್ಶಿ. ಇವರು ನಾಯಕನನ್ನು ನೋಡುವುದಿಲ್ಲ. ಅವನ ಹಿಂದಿನ ತೋಟವನ್ನು ನೋಡುತ್ತಾರೆ. ಪುಟ್ಟಣ್ಣ ಕಣಗಾಲರ 'ಬೆಳ್ಳಿ ಮೋಡ' (1967) ಚಿಕ್ಕಮಗಳೂರು ಸೀಮೆಯ ಗುಡ್ಡಗಳನ್ನು ಪರದೆಗೆ ತಂದಾಗ ನಾಡೆಲ್ಲ ಕಲ್ಪನಾ ಅವರ ಕಣ್ಣೀರಿಗೆ ಕರಗಿತು. ಹಿನ್ನೆಲೆ ದರ್ಶಿಗಳು ಮಾತ್ರ ಆಕೆಯ ಭುಜದಾಚೆಗೆ ಕಣ್ಣು ನೆಟ್ಟು, ಮರಗಸಿ ಆಗಿದೆಯೋ ಇಲ್ಲವೋ ಎಂದು ಪರೀಕ್ಷಿಸಿದರು. ಸಿದ್ಧಲಿಂಗಯ್ಯನವರ 'ಭೂತಯ್ಯನ ಮಗ ಅಯ್ಯು' (1974) ಚಿಕ್ಕಮಗಳೂರಿಗೆ ಸಮೀಪದ ಕಳಸಾಪುರದಲ್ಲಿ ಚಿತ್ರಿತವಾಯಿತು. ಅದು ಹಗೆ ಮತ್ತು ಕ್ಷಮೆಯ ಕತೆಯೆಂದು ವಿಮರ್ಶಕರು ಬರೆದಿದ್ದಾರೆ. ನನ್ನ ಮುಂದಿನ ಸಾಲಿನ ನಿವೃತ್ತ ರೈಟರಿಗೆ ಅದು ಒಂದು ಪಹಣಿ. ಯಾವ ಜಮೀನು ಯಾರಿಗೆ ಹೋಯಿತು, ಯಾವ ಮರ ಈಗಿಲ್ಲ ಎಂಬುದನ್ನು ಅವರು ಚಿತ್ರದಿಂದಲೇ ಓದಿ ಹೇಳಬಲ್ಲರು.

ಈ ಪ್ರಭೇದವನ್ನು ಮೋಸಗೊಳಿಸುವುದು ಅಸಾಧ್ಯ. 'ಗಾಳಿಪಟ'ದ ಮುಗಿಲ್‌ಪೇಟೆಯನ್ನು ಕಂಡು ಯುವಕರು ಶಿಳ್ಳೆ ಹೊಡೆದರೆ, ಇವರು 'ಅದು ಕೊಡಗಿನ ಮಾಂದಲಪಟ್ಟಿ ಮಾರಾಯ, ನಮ್ಮದಲ್ಲ' ಎಂದು ಒಂದೇ ಮಾತಿನಲ್ಲಿ ಆ ದೃಶ್ಯವನ್ನು ಜಿಲ್ಲೆಯಿಂದ ಗಡಿಪಾರು ಮಾಡುತ್ತಾರೆ. ನಾಯಕಿ ಬರಿಗಾಲಲ್ಲಿ ಮಳೆಯಲ್ಲಿ ಕುಣಿದರೆ ಸಾಲಿನುದ್ದಕ್ಕೂ 'ಇಂಬಳ, ಇಂಬಳ' ಎಂಬ ಪಿಸುಗುಟ್ಟುವಿಕೆ. ಆಕೆ ಅರೇಬಿಕಾ ಗಿಡಕ್ಕೆ ಒರಗಿ ವಿರಹ ಪಟ್ಟರೆ ಇವರ ಗಮನವೆಲ್ಲ ಗಿಡದ ಬುಡಕ್ಕೆ. ಕಾಂಡಕೊರಕ ಬಿದ್ದಿದೆಯೇ? ಕಂಬಚಿಗುರು ತೆಗೆದಿಲ್ಲವಲ್ಲ, ಇದು ಯಾವ ಸೋಮಾರಿಯ ತೋಟ?

ಇನ್ನು ಹಾಡುಗಳ ವಿಷಯ ಗಂಭೀರವಾದದ್ದು. ಒಂದು ಚರಣದಲ್ಲಿ ನಾಯಕಿ ಬಿಳಿ ಕಾಫಿ ಹೂವು ಮುಡಿದಿರುತ್ತಾಳೆ. ಮುಂದಿನ ಚರಣದಲ್ಲಿ ಕೆಂಪು ಹಣ್ಣು ಕೊಯ್ಯುತ್ತಾಳೆ. ಹೂಮಳೆ ಬಿದ್ದ ವಾರ ಹತ್ತು ದಿನಕ್ಕೆ ಹೂವು ಅರಳಿ ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಅದು ಹಣ್ಣಾಗಲು ಅರೇಬಿಕಾಕ್ಕೆ ಎಂಟೊಂಬತ್ತು ತಿಂಗಳು ಬೇಕು, ರೋಬಸ್ಟಾಕ್ಕೆ ಇನ್ನೂ ಹೆಚ್ಚು. ಹಾಗಾಗಿ ಎರಡು ಚರಣಗಳ ನಡುವೆ ನಾಯಕಿ ಒಂದು ಇಡೀ ಮಳೆಗಾಲ ಕಳೆದಿದ್ದಾಳೆ. ಅಷ್ಟು ದಿನ ಈ ಹುಡುಗ ಮನೆಗೆ ಹೋಗಿ ಅಪ್ಪನ ಹತ್ತಿರ ಮಾತಾಡಲಿಲ್ಲವೇಕೆ? ಉತ್ತರ ಯಾವ ನಿರ್ದೇಶಕನ ಬಳಿಯೂ ಇಲ್ಲ.

ಪೂರ್ವಪಕ್ಷ

ಕಾಶ್ಮೀರದ ಅಭಿನವಗುಪ್ತ ಸಾವಿರ ವರ್ಷದ ಹಿಂದೆಯೇ ರಸಾನುಭವಕ್ಕೆ ಏಳು ವಿಘ್ನಗಳನ್ನು ಪಟ್ಟಿ ಮಾಡಿದ. ಪ್ರೇಕ್ಷಕನು ತನ್ನ ದೇಶ, ತನ್ನ ಕಾಲ, ತನ್ನ ಸುಖದುಃಖಗಳಿಗೆ ಅಂಟಿಕೊಂಡಿರುವುದು ಅವುಗಳಲ್ಲಿ ಸೇರಿದೆ. ಅವನ್ನು ಮರೆತಾಗಲೇ ಸಾಧಾರಣೀಕರಣ, ಆಗಲೇ ರಸ. ಈ ಪ್ರಕಾರ ನಮ್ಮ ಹಿರಿಯರು ಏಕಕಾಲಕ್ಕೆ ಹಲವು ವಿಘ್ನಗಳಿಗೆ ತುತ್ತಾದವರು. ಸಾಲದ್ದಕ್ಕೆ ಗಟ್ಟಿಯಾಗಿ ಮಾತಾಡಿ ಪಕ್ಕದವರ ರಸಕ್ಕೂ ವಿಘ್ನ ತರುತ್ತಾರೆ ಎಂದು ಬಾಲ್ಕನಿಯ ಯುವ ವಿದ್ವಾಂಸರ ದೂರು.

ಸಿದ್ಧಾಂತ

ದೂರು ನಿಲ್ಲುವುದಿಲ್ಲ. ಅಭಿನವಗುಪ್ತನ ನಾಡಿನಲ್ಲಿ ಕಾಫಿ ಬೆಳೆಯುವುದಿಲ್ಲ. ಶೀಟಿನ ಮಾಡಿನ ಮೇಲೆ ನಾಲ್ಕು ತಿಂಗಳು ಬಿಡದೆ ಮಳೆ ಹೊಯ್ಯುವುದೂ ಇಲ್ಲ. 1934ರಲ್ಲಿ 'ಸತಿ ಸುಲೋಚನಾ' ಬಂದು ಕನ್ನಡ ಸಿನಿಮಾಕ್ಕೆ ಮಾತು ಬಂತು ಎನ್ನುವುದು ಬಯಲುಸೀಮೆಯ ಇತಿಹಾಸ. ಕೊಟ್ಟಿಗೆಹಾರದ ಆಸುಪಾಸಿನಲ್ಲಿ ಆಷಾಢದ ಮಳೆ ಹಿಡಿದರೆ ಯಾವ ಡಾಲ್ಬಿಯೂ ಮೂಕಿಯೇ. ಆಗ ಸಂಭಾಷಣೆ ಒದಗಿಸುವವರು ಈ ಹಿರಿಯರೇ. ಅವರು ಒದಗಿಸುವುದು ಎಷ್ಟೋ ಸಲ ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ.

ಮುಖ್ಯವಾದ ಮಾತು ಇದು. ಊರಿನ ಗುಡ್ಡ, ಮರ, ಹೊಳೆಗಳು ಬದಲಾಗುತ್ತಲೇ ಇವೆ. ಅವು ಹೇಗಿದ್ದವು ಎಂಬುದನ್ನು ಯಾರೂ ಬೇಕೆಂದು ಚಿತ್ರೀಕರಿಸಿಡಲಿಲ್ಲ. ನಾಯಕ ನಾಯಕಿಯರು ಅಡ್ಡ ನಿಂತಾಗ ಅವರ ಹಿಂದೆ ಅಷ್ಟಿಷ್ಟು ಉಳಿದುಕೊಂಡಿತು. ಆದ್ದರಿಂದ ಹಿನ್ನೆಲೆ ದರ್ಶಿ ರಸಹೀನನಲ್ಲ. ಅವನು ನೋಡುತ್ತಿರುವುದು ಬೇರೆ ಸಿನಿಮಾ. ಅದಕ್ಕೆ ಟಿಕೆಟ್ಟು ಮಾತ್ರ ಒಂದೇ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದ ಯುವಕರು ಮುಂದಿನ ಸಾಲಿನವರಿಗೆ 'ಶ್' ಎನ್ನುವುದನ್ನು ಬಿಟ್ಟು ಕಿವಿಗೊಡತಕ್ಕದ್ದು. ಟಾಕೀಸುಗಳು ಒಂದೊಂದಾಗಿ ಕಲ್ಯಾಣಮಂಟಪಗಳಾಗುತ್ತಿವೆ. ಅಲ್ಲಿ ಇದೇ ಹಿರಿಯರು ಇದೇ ಸಾಲಿನಲ್ಲಿ ಸಿಕ್ಕಾರು, ಪರದೆ ಸಿಗದು. ನಿರ್ದೇಶಕರಲ್ಲಿ ವಿನಂತಿ ಇಷ್ಟೇ: ಹೂವು ಬೇಕಿದ್ದರೆ ಮಾರ್ಚಿನಲ್ಲಿ ಬನ್ನಿ, ಹಣ್ಣು ಬೇಕಿದ್ದರೆ ಡಿಸೆಂಬರಿನಲ್ಲಿ. ಎರಡೂ ಒಂದೇ ಹಾಡಿಗೆ ಬೇಕಿದ್ದರೆ ಎರಡು ಸಲ ಬನ್ನಿ. ಹೋಮ್‌ಸ್ಟೇಗಳಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲವಿಲ್ಲ.