ಏನಾದ್ರೂ ಸಾಕು

ಸಂಜೆ ಏಳೂಕಾಲು. ನಮ್ಮ ಭಾವ ಆಫೀಸಿನಿಂದ ಬಂದು, ಕಾಲು ತೊಳೆದು, ಕಾಫಿ ಕುಡಿದು, ಅಡುಗೆಮನೆಯಿಂದ ಬರಬೇಕಾದ ಪ್ರಶ್ನೆಗೆ ಕಾದು ಕೂತಿರುತ್ತಾರೆ.

"ರೀ, ರಾತ್ರಿಗೆ ಏನು ಮಾಡ್ಲಿ?"

"ಏನಾದ್ರೂ ಸಾಕು ಕಣೇ. ಸಿಂಪಲ್ಲಾಗಿ."

ಹೀಗೆನ್ನುವಾಗ ಅವರ ಮುಖದಲ್ಲಿ ಕಾಶಿಗೆ ಹೊರಟು ನಿಂತವರ ಕಳೆ. ಹೊಸಬರಾದರೆ, ಪಾಪ, ಎರಡು ಬಾಳೆಹಣ್ಣು ತಿಂದು ಹಾಲು ಕುಡಿದು ಮಲಗೋ ಜೀವ ಎಂದುಕೊಂಡಾರು. ನಾನು ಕಾಲೇಜಿಗೆಂದು ಬಸವನಗುಡಿಯ ಆ ಮನೆಯಲ್ಲಿ ಮೂರು ವರ್ಷ ಉಂಡವನು, ಮೋಸ ಹೋಗುವುದಿಲ್ಲ.

"ಅವಲಕ್ಕಿ ಒಗ್ಗರಣೆ ಹಾಕ್ಲಾ?"

"ರಾತ್ರಿ ಹೊತ್ತು ವಾಯು."

"ಚಿತ್ರಾನ್ನ?"

"ಮೊನ್ನೆ ತಾನೇ ತಿಂದ್ವಲ್ಲ." (ಮೊನ್ನೆ ಎಂದರೆ ಯುಗಾದಿ ಮಾರನೆ ದಿನ.)

"ದೊಡ್ಡಪತ್ರೆ ತಂಬುಳಿ ಮಾಡಿ ಅನ್ನ ಇಟ್ಬಿಡ್ಲಾ?"

"ಶೀತ."

"ಉಪ್ಪಿಟ್ಟು?"

ಇದಕ್ಕೆ ಉತ್ತರವಿಲ್ಲ. ಟಿವಿಯ ಸದ್ದು ಸ್ವಲ್ಪ ಜೋರಾಗುತ್ತದೆ, ಅಷ್ಟೆ.

ನಾಲ್ಕು ಅರ್ಜಿ ವಜಾ ಆದಮೇಲೆ ಭಾವ, ಅಕ್ಕನ ಮೇಲೆ ಕರುಣೆ ಬಂದವರಂತೆ ಬಾಯಿಬಿಡುತ್ತಾರೆ: "ಅಷ್ಟೆಲ್ಲ ಯಾಕೆ ಒದ್ದಾಡ್ತೀಯ? ಎರಡು ಅಕ್ಕಿ ರೊಟ್ಟಿ ತಟ್ಟು, ಕಾಯಿಚಟ್ನಿ ಮಾಡು. ಮುಗೀತು."

ಆ 'ಮುಗೀತು' ಶುರುವಾಗುವುದು ಹೇಗೆ ನೋಡಿ. ಸಬ್ಬಸಿಗೆ ಸೊಪ್ಪು ಬಿಡಿಸಬೇಕು, ಈರುಳ್ಳಿ ಸಣ್ಣಗೆ ಹೆಚ್ಚಬೇಕು, ಕಾಯಿ ತುರಿಯಬೇಕು, ಹಿಟ್ಟು ಕಲಸಬೇಕು. ಅಕ್ಕನದು ರೊಟ್ಟಿಯನ್ನು ನೇರ ಬಾಣಲೆಗೇ ತಟ್ಟುವ ಪದ್ಧತಿ. ಕಾದ ಬಾಣಲೆಗೆ ತಟ್ಟಿದರೆ ಬೆರಳು ಬೇಯುತ್ತದೆ. ಹಾಗಾಗಿ ಒಂದು ರೊಟ್ಟಿ ಎತ್ತಿದ ಕೂಡಲೇ ಬಾಣಲೆಯ ಬೆನ್ನನ್ನು ನಲ್ಲಿಯ ಕೆಳಗೆ ಹಿಡಿದು ಚುಂಯ್ ಅನ್ನಿಸಿ, ಒರೆಸಿ, ಎಣ್ಣೆ ಸವರಿ, ಮತ್ತೆ ತಟ್ಟಬೇಕು. ಎರಡು ಬಾಣಲೆ ಸರದಿಯ ಮೇಲೆ ಓಡುತ್ತವೆ. ಅತ್ತೆ, ಇಬ್ಬರು ಮಕ್ಕಳು ಸೇರಿ ಮನೆಯಲ್ಲಿ ಐದು ಜನ. ಎರಡೆರಡರಂತೆ 10 ರೊಟ್ಟಿ. ಒಂದಕ್ಕೆ ಆರು ನಿಮಿಷವೆಂದರೂ ಸರಿಯಾಗಿ ಒಂದು ಗಂಟೆ. ಭಾವ ಅಕೌಂಟ್ಸ್ ವಿಭಾಗದವರು. ಆದರೆ ಅವರ ಲೆಕ್ಕ ರೊಟ್ಟಿ ತಟ್ಟೆಗೆ ಬಿದ್ದಮೇಲೆ ಶುರು. ಮೂರು ನಿಮಿಷದಲ್ಲಿ ತಿಂದಾಯಿತು, ಆದ್ದರಿಂದ ಸಿಂಪಲ್.

ಒಮ್ಮೆ ಇತಿಹಾಸವನ್ನೂ ಎಳೆದು ತಂದರು. "ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದೇ ಇದ್ದಾಗ ಎಂಟಿಆರ್‌ನವರು ರವೆಯಲ್ಲೇ ಇಡ್ಲಿ ಮಾಡಿದ್ರಂತೆ. ನಿಂಗೆ ಡಬ್ಬದ ತುಂಬ ಅಕ್ಕಿ ಇದೆ, ಯುದ್ಧಾನೂ ಇಲ್ಲ."

"ಯುದ್ಧ ಇಲ್ಲ ಅಂತ ಯಾರು ಹೇಳಿದ್ದು?" ಎಂದಳು ಅಕ್ಕ, ಲಟ್ಟಣಿಗೆ ತೊಳೆಯುತ್ತ.

ಶನಿವಾರ ಮಾತ್ರ ಈ ರಗಳೆ ಇಲ್ಲ. ಆ ರಾತ್ರಿ ಅವರ ಮನೆಯಲ್ಲಿ ಫಲಾರ, ಅನ್ನ ಮುಟ್ಟುವಂತಿಲ್ಲ. ಮಂಗಳವಾರ ಟಿವಿಯ ಸದ್ದು ಏರಿಸಿದ್ದ ಅದೇ ಉಪ್ಪಿಟ್ಟು ಫಲಾರ ಎಂಬ ಹೆಸರು ಹೊತ್ತು ಬಂದರೆ ಭಕ್ತಿಯಿಂದ ಗಂಟಲಲ್ಲಿ ಇಳಿಯುತ್ತದೆ.

ಹೋದ ತಿಂಗಳು ನಾನು ಹೋಗಿದ್ದಾಗ ಅಕ್ಕನಿಗೆ ಮಣಿಕಟ್ಟು ನೋವು. ಎಲ್ಲರೂ ಹೋಟೆಲಿಗೆ ಹೊರಟೆವು. ಮಾಣಿ ಒಂದೇ ಉಸಿರಿಗೆ ಇಡ್ಲಿಯಿಂದ ಈರುಳ್ಳಿ ದೋಸೆಯವರೆಗೆ ಹೇಳಿ ಮುಗಿಸಿದ. ಭಾವ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು, "ಏನಾದ್ರೂ ಸಾಕಪ್ಪ, ಸಿಂಪಲ್ಲಾಗಿ" ಅಂದರು.

ಅವನೇನು ಹೆಂಡತಿಯೇ, ಎರಡನೇ ಸಲ ಕೇಳುವುದಕ್ಕೆ? ಒಳಗೆ ಏನು ತಯಾರಿತ್ತೋ ಅದನ್ನು ತಂದು ಕುಕ್ಕಿದ. ಬಟ್ಟಲಲ್ಲಿ ಅದುಮಿ ತಟ್ಟೆಗೆ ಬೋರಲು ಹಾಕಿದ ಗುಡ್ಡೆ, ನೆತ್ತಿಯಲ್ಲೊಂದು ಗೋಡಂಬಿ. ಭಾವ ತುಟಿಪಿಟಕ್ ಅನ್ನದೆ ತಿಂದರು. ಚಟ್ನಿಯನ್ನೂ ಬಳಿದರು. ದುಡ್ಡು ಕೊಟ್ಟು, ಚಿಲ್ಲರೆಯನ್ನು ಮಾಣಿಗೇ ಬಿಟ್ಟರು.

"ರೀ, ಈಗ ತಿಂದ್ರಲ್ಲ, ಅದು ಉಪ್ಪಿಟ್ಟು."

"ಉಪ್ಪಿಟ್ಟಲ್ಲ ಕಣೇ, ಖಾರಾಬಾತ್."

ಮಾರನೆಯ ಸಂಜೆ ಏಳೂಕಾಲಾಯಿತು, ಒಳಗಿನಿಂದ ಪ್ರಶ್ನೆ ಬರಲಿಲ್ಲ. ಭಾವ ಎರಡು ಸಲ ಕೆಮ್ಮಿದರು. ಒಮ್ಮೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಇಣುಕಿ ಬಂದರು. ಎಂಟಕ್ಕೆ ತಟ್ಟೆ ಬಂತು: ಬಟ್ಟಲಲ್ಲಿ ಅದುಮಿ ಬೋರಲು ಹಾಕಿದ ಉಪ್ಪಿಟ್ಟು, ನೆತ್ತಿಯಲ್ಲೊಂದು ಗೋಡಂಬಿ, ಪಕ್ಕದಲ್ಲಿ ಮಗಳ ನೋಟ್‌ಬುಕ್ಕಿನಿಂದ ಹರಿದ ಚೀಟಿ. 'ಖಾರಾಬಾತ್ 1. ರೂ. 40.'

ಭಾವ ಕನ್ನಡಕ ಹಾಕಿಕೊಂಡು ಚೀಟಿ ಓದಿದರು, ಮಡಚಿ ಜೇಬಿಗಿಟ್ಟುಕೊಂಡರು, ತಟ್ಟೆ ಖಾಲಿ ಮಾಡಿದರು.

"ಚೆನ್ನಾಗಿತ್ತು ಕಣೇ. ಆದ್ರೆ ಇದೊಂದನ್ನೇ ಯಾಕೆ ಮಾಡಕ್ಕೆ ಹೋದೆ? ಪಕ್ಕದಲ್ಲೊಂದು ಸೌಟು ಕೇಸರಿಬಾತ್ ಇಟ್ಟಿದ್ರೆ ಚೌಚೌ ಬಾತ್ ಆಗೋದು. ಸಿಂಪಲ್ಲಾಗಿ."