ಮಂಗಳವಾರ ಹೋಗಿಬರೋಣ ಅಕ್ಕ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಕರಿಬೇವು, ನಿಂಬೆಹಣ್ಣು, ಬಟ್ಟಲು ಬೆಲ್ಲ, ಬಂಧುಬಳಗದ ಸುದ್ದಿ ಎಲ್ಲ ಅದರ ಮೇಲಿಂದಲೇ ದಾಟುತ್ತವೆ. ಪಕ್ಕದ ಮನೆಯ ಅಕ್ಕ ಪೂಜೆಗೆ ದಾಸವಾಳ ಕೀಳುತ್ತಾ, "ನೋಡಮ್ಮಾ, ನನ್ನ ತಂಗಿ ಹೆಸರಲ್ಲಿ ಇನ್ನೊಂದು ಹರಕೆ ಹೊತ್ಕೊಳ್ಳೋಣ ಅಂತಿದೀನಿ. ಯಾವ ದೇವರಿಗೆ ಹೊತ್ಕೊಂಡ್ರೆ ಒಳ್ಳೇದು?" ಅಂದರು.

ಏನಾಯಿತು ಅಂತ ಕೇಳಿದೆ. ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟು ಹೇಳತೊಡಗಿದರು. ತಂಗಿ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಐವತ್ತರ ಆಸುಪಾಸು. ಹಬ್ಬ ಬಂತೆಂದರೆ ಆ ಬೀದಿಗೆಲ್ಲ ಆಕೆಯ ರಂಗೋಲಿಯೇ ದೊಡ್ಡದು. ಚುಕ್ಕಿ ಇಟ್ಟು ಎಳೆ ಸುತ್ತಲು ಕೂತರೆ ಸೊಂಟ ಹಿಡಿದುಕೊಂಡರೂ ಮುಗಿಸದೆ ಏಳುತ್ತಿರಲಿಲ್ಲ. ಈಗ ಬಾಗಿಲಿಗೆ ನೀರು ಚಿಮುಕಿಸಿ, ಎರಡು ಗೆರೆ ಎಳೆದು ಒಳಗೆ ಬಂದುಬಿಡುತ್ತಾಳೆ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರ, ಆಮೇಲೆ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಬಾಯಿಗೆ ರುಚಿಯಿಲ್ಲ, ಮೈಕೈ ನೋವು. ದೀಪ ಹಚ್ಚಿ ಕೂತರೆ ವರ್ಷಗಟ್ಟಲೆ ಹೇಳಿದ ಸ್ತೋತ್ರವೇ ಎರಡನೇ ಸಾಲಿಗೆ ನಿಂತುಹೋಗುತ್ತದೆ. "ಏನು ಪಾಪ ಮಾಡಿದ್ದೀನೋ, ದೇವರಿಗೂ ಬೇಡವಾದೆ. ನಾನಿದ್ದು ಯಾರಿಗೆ ಏನು ಉಪಯೋಗ?" ಅನ್ನುತ್ತಾಳಂತೆ. ಮಳೆಗಾಲ ಶುರುವಾದಾಗಿನಿಂದ ಇದೇ ಪಾಡು.

ಹರಕೆಯ ಬಗ್ಗೆ ನನ್ನ ತಕರಾರೇನಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿದವಳು ನಾನು. ಅಮ್ಮ ಕೇಳಿಸಿಕೊಳ್ಳುತ್ತಾಳೆ ಅನ್ನುವುದರಲ್ಲಿ ನನಗೆ ಅನುಮಾನವೂ ಇಲ್ಲ. ಆದರೆ "ದೇವರಿಗೂ ಬೇಡವಾದೆ" ಅನ್ನುವ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. "ಅಕ್ಕ, ಆ ಮಾತನ್ನ ನಿಮ್ಮ ತಂಗಿ ಬಾಯಿಂದ ಕಾಯಿಲೆ ಆಡಿಸ್ತಿದೆ" ಅಂದೆ.

ಖಿನ್ನತೆಯನ್ನು ಡಾಕ್ಟರುಗಳು ಗುರುತಿಸುವುದು ಹೀಗೆಯೇ. ಎರಡು ವಾರಕ್ಕೂ ಮೀರಿ ದಿನದ ಬಹುಪಾಲು ಮಂಕು, ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗುವುದು, ನಿದ್ದೆ ಹಸಿವು ಏರುಪೇರಾಗುವುದು, ಸುಸ್ತು, ಗಮನ ನಿಲ್ಲದಿರುವುದು. ತಾನು ಯಾತಕ್ಕೂ ಬಾರದವಳು, ತನ್ನದೇ ತಪ್ಪು ಅನ್ನಿಸುವುದೂ ಆ ಲಕ್ಷಣಗಳಲ್ಲಿ ಒಂದು. ದೇವರನ್ನು ನಂಬಿದವರಿಗೆ ಈ ಲಕ್ಷಣ ದೇವರ ಭಾಷೆಯಲ್ಲೇ ಬಂದು ಕಾಡುತ್ತದೆ. ಪಾಪ ಎನ್ನುತ್ತದೆ, ಶಾಪ ಎನ್ನುತ್ತದೆ, ಕರ್ಮ ಎನ್ನುತ್ತದೆ. ಕೇಳಿದವರೂ ನಿಜವೇ ಇರಬೇಕೆಂದು ತಲೆಯಾಡಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ.

"ಅಷ್ಟು ಪೂಜೆ ಮಾಡೋಳಿಗೆ ಹೀಗಾಗತ್ತೇನಮ್ಮ? ಭಕ್ತಿ ಸಾಲದೇನೋ ಅಂತ ನಮ್ಮತ್ತಿಗೆ ಅಂತಾರೆ" ಅಂದರು ಅಕ್ಕ.

ನಿಮ್ಮತ್ತಿಗೆಗೆ ಭಗವದ್ಗೀತೆಯ ಮೊದಲ ಅಧ್ಯಾಯ ಓದಲು ಹೇಳಿ ಅಂದೆ. ಅದರ ಹೆಸರೇ ಅರ್ಜುನವಿಷಾದಯೋಗ. ಸಾಕ್ಷಾತ್ ಕೃಷ್ಣ ಮುಂದೆ ಕೂತು ರಥ ಹೊಡೆಯುತ್ತಿದ್ದಾನೆ. ಆದರೂ ಅರ್ಜುನನ ಕೈಕಾಲು ಸೋತವು, ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವ ಕೈಯಿಂದ ಜಾರಿತು. ಅರ್ಜುನನಿಗೆ ಬಂದದ್ದು ಕಾಯಿಲೆ ಅಂತ ನಾನು ಹೇಳುತ್ತಿಲ್ಲ. ದೇವರು ಮಾರುದೂರದಲ್ಲಿದ್ದವನಿಗೂ ಮನಸ್ಸು ಕುಸಿಯಬಹುದು ಅನ್ನುವಷ್ಟನ್ನು ಆ ಪುಸ್ತಕ ಮುಚ್ಚಿಡದೆ ಹೇಳಿದೆ.

ಆಮೇಲಿನದನ್ನು ಇನ್ನೂ ನಿಧಾನವಾಗಿ ಓದಬೇಕು. ಎರಡನೇ ಅಧ್ಯಾಯದಲ್ಲಿ ಕೃಷ್ಣ ಮೊದಲು ಆಡುವುದು ನಾವೆಲ್ಲ ಆಡುವ ಮಾತನ್ನೇ: ಇದೇನು ಹೇಡಿತನ, ನಿನಗಿದು ತರವಲ್ಲ, ಎದ್ದೇಳು. ಅಷ್ಟಕ್ಕೇ ಅರ್ಜುನ ಎದ್ದನೇ? ಇಲ್ಲ. ನನಗೆ ದಿಕ್ಕು ತೋಚುತ್ತಿಲ್ಲ, ನಾನು ನಿನ್ನ ಶಿಷ್ಯ, ದಾರಿ ಹೇಳು ಅಂತ ಬಾಯಿಬಿಟ್ಟು ಕೇಳುತ್ತಾನೆ. ಯುದ್ಧ ಮಾಡಲಾರೆ ಅಂದು ಸುಮ್ಮನಾಗುತ್ತಾನೆ. ಉಪದೇಶ ಶುರುವಾಗುವುದು ಅದರ ನಂತರ. ಹದಿನೆಂಟು ಅಧ್ಯಾಯ ಮುಗಿಯುವ ತನಕ ಕೃಷ್ಣ ಅವನ ಪ್ರಶ್ನೆಗಳನ್ನು ಕೇಳಿಸಿಕೊಳ್ಳುತ್ತಾ, ಉತ್ತರ ಹೇಳುತ್ತಾ ಜೊತೆಗೇ ಇದ್ದ. ಸಹಾಯ ಬೇಕು ಅಂತ ಕೇಳುವುದು ನಂಬಿಕೆಯಿಲ್ಲದವರ ಲಕ್ಷಣ ಅನ್ನುವವರು ಈ ಒಂದು ಘಟ್ಟವನ್ನು ಮತ್ತೆ ಓದಲಿ. ಪೂರ್ತಿ ಗೀತೆ ಅರ್ಜುನ ಹಾಗೆ ಕೇಳಿದ್ದರಿಂದಲೇ ನಮಗೆ ದಕ್ಕಿದ್ದು.

"ದಾಸರೂ ಶರಣರೂ ತಮ್ಮನ್ನ ತಾವೇ ಕೀಳು ಅಂದ್ಕೊಂಡೋರಲ್ವಾ?" ಅಂದರು ಅಕ್ಕ. ಒಳ್ಳೆಯ ಪ್ರಶ್ನೆ. ಅಂದುಕೊಂಡರು, ನಿಜ. ಆದರೆ ಕನಕದಾಸರು ಹಾಡಿಕೊಂಡು ಊರೂರು ತಿರುಗಿದರು. ಬಸವಣ್ಣನವರು ಕಲ್ಯಾಣದಲ್ಲಿ ಭಂಡಾರದ ಲೆಕ್ಕ ನೋಡಿದರು, ದಾಸೋಹ ನಡೆಸಿದರು. ತಾನು ಕಿರಿಯ ಅನ್ನುವ ಭಾವ ಅವರನ್ನು ಜನರ ಹತ್ತಿರ ತಂದಿತು. ನಿಮ್ಮ ತಂಗಿಯನ್ನು ಈ ಭಾವ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿಸಿದೆ. ಇದನ್ನು ವಿನಯ ಅಂತ ಹೊಗಳಬೇಡಿ, ವೈರಾಗ್ಯ ಅಂತಲೂ ತಿಳಿಯಬೇಡಿ.

ದೇವಸ್ಥಾನದಿಂದ ಉಪಯೋಗವೇ ಇಲ್ಲವೇ? ಖಂಡಿತ ಇದೆ, ಅದನ್ನು ಡಾಕ್ಟರುಗಳೇ ಬರೆದಿದ್ದಾರೆ. ನಿಮ್ಹಾನ್ಸ್ ಆಸ್ಪತ್ರೆಯಲ್ಲಿದ್ದ ವೈದ್ಯ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಹಳ್ಳಿಯ ಮುತ್ತುಸ್ವಾಮಿ ಗುಡಿಗೆ ಬಂದು ತಂಗುವ 31 ಮಾನಸಿಕ ರೋಗಿಗಳನ್ನು ಗಮನಿಸಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಕೆಲವು ವಾರ ಅಲ್ಲಿದ್ದವರ ರೋಗಲಕ್ಷಣ ಸುಮಾರು ಐದನೇ ಒಂದು ಭಾಗದಷ್ಟು ತಗ್ಗಿತ್ತು. ಅಲ್ಲಿ ಯಾರೂ ಅವರನ್ನು ಹೆದರಿಸುತ್ತಿರಲಿಲ್ಲ, ಮನೆಯವರು ಜೊತೆಗಿರುತ್ತಿದ್ದರು, ಗುಡಿಯ ಸಣ್ಣಪುಟ್ಟ ಕೆಲಸದಲ್ಲಿ ಅವರಿಗೂ ಪಾಲಿತ್ತು. ಅಂಥ ಆಸರೆಗೆ ಬೆಲೆ ಕಟ್ಟಲಾಗದು.

ಆದರೆ ಅದೇ ತಮಿಳುನಾಡಿನ ಏರ್ವಾಡಿಯನ್ನು ಮರೆಯಬಾರದು. ದರ್ಗಾ ಇರುವ ಆ ಊರಲ್ಲಿ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಗುಡಿಸಲೊಂದಕ್ಕೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗದೆ 28 ಜನ ಸತ್ತರು. ಅವರ ಮನೆಯವರೂ ದೇವರನ್ನು ನಂಬಿಯೇ ಅಲ್ಲಿಗೆ ಕರೆತಂದಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಈಗ ಹಾಗೆ ಕಟ್ಟಿಹಾಕುವುದನ್ನೇ ನಿಷೇಧಿಸಿದೆ. ಆದ್ದರಿಂದ ಕಟ್ಟಿ, ಹೊಡೆದು, ಉಪವಾಸ ಕೆಡವಿ ವಾಸಿ ಮಾಡುತ್ತೇನೆ ಅನ್ನುವವರ ಹತ್ತಿರ ಯಾವ ಕಾರಣಕ್ಕೂ ಕರೆದೊಯ್ಯಬೇಡಿ, ಬಾಯಲ್ಲಿ ಯಾವ ದೇವರ ಹೆಸರೇ ಇರಲಿ.

ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, "ಜನ ಏನಂತಾರಮ್ಮ? ಹುಚ್ಚು ಅಂದುಬಿಡ್ತಾರೆ. ಮಗನಿಗೆ ಹೆಣ್ಣು ನೋಡ್ತಿದಾರೆ" ಅಂದರು. ಇದೇ ನಮ್ಮನ್ನು ಅರ್ಧ ತಿನ್ನುತ್ತಿರುವುದು. ಬೆಂಗಳೂರಿನ ನಿಮ್ಹಾನ್ಸ್ ಹೆಸರನ್ನು ಬೈಗುಳವಾಗಿ ಬಳಸುವವರನ್ನು ನಾನೂ ಕಂಡಿದ್ದೇನೆ. ಅದೇ ಆಸ್ಪತ್ರೆಗೆ ಫಿಟ್ಸ್ ಬಂದವರು, ಲಕ್ವ ಹೊಡೆದವರು, ತಲೆಗೆ ಪೆಟ್ಟಾದವರು ದಿನಾ ಹೋಗಿಬರುತ್ತಾರೆ. ಕನ್ನಡಿಗರು ಮನಸ್ಸಿನ ಕಾಯಿಲೆಯ ಬಗ್ಗೆ ಮಾತೇ ಆಡದವರಲ್ಲ. ಕೊರವಂಜಿ ಹಾಸ್ಯಪತ್ರಿಕೆಯಲ್ಲಿ ನಾಡನ್ನೆಲ್ಲ ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಬರೆದ ‘ಮನಮಂಥನ’ಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಒಂದನ್ನು ತಂಗಿಯ ಗಂಡನ ಕೈಗೆ ಕೊಡಿ. ತಿಳಿಯಬೇಕಾದವರಲ್ಲಿ ಅವರೇ ಮೊದಲು.

"ಮಾತ್ರೆ ಶುರು ಮಾಡಿದ್ರೆ ಜೀವನಪರ್ಯಂತ ಅಂಟ್ಕೊಳ್ಳತ್ತಂತೆ" ಅನ್ನುವ ಹೆದರಿಕೆಯೂ ಇತ್ತು. ಎಲ್ಲರಿಗೂ ಮಾತ್ರೆಯೇ ಬೇಕಾಗುವುದಿಲ್ಲ. ಹಗುರವಾಗಿದ್ದರೆ ಆಪ್ತಸಮಾಲೋಚನೆಯಲ್ಲೇ ಸುಧಾರಿಸುವವರಿದ್ದಾರೆ. ಥೈರಾಯ್ಡ್ ಕಡಿಮೆಯಿದ್ದರೂ ಇದೇ ಥರ ಮಂಕು ಕವಿಯುವುದುಂಟು, ಅದಕ್ಕೇ ರಕ್ತಪರೀಕ್ಷೆ ಮಾಡಿಸುತ್ತಾರೆ. ಖಿನ್ನತೆಯ ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ನಾಲ್ಕು ದಿನ ನುಂಗಿ ಏನೂ ಆಗಲಿಲ್ಲ ಅಂತ ಬಿಡುವವರೇ ಬಹಳ. ಸರಿಹೋದ ಮೇಲೂ ಕೆಲವು ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸಬೇಕು.

"ನಿಮ್ಮದೇ ನೆನಪು ಮಾಡ್ಕೊಳ್ಳಿ ಅಕ್ಕ. ಕಣ್ಣಿಗೆ ಪೊರೆ ಬಂದಾಗ ಗರ್ಭಗುಡಿಯಲ್ಲಿ ಅಮ್ಮನ ಮುಖ ಕಾಣಲ್ಲ ಅಂತ ಅತ್ರಿ. ಆಪರೇಷನ್ ಆದ ಮೇಲೆ ಮೂಗುತಿ ಸಮೇತ ಕಾಣ್ತು ಅಂದ್ರಿ. ಅಮ್ಮ ಎಲ್ಲಿಗೂ ಹೋಗಿರಲಿಲ್ಲವಲ್ಲ" ಅಂದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಂದು ಮಾತನ್ನು ಮಾತ್ರ ಒತ್ತಿ ಹೇಳಿದೆ. "ನಾನಿದ್ದು ಏನು ಉಪಯೋಗ" ಅಂದವರನ್ನು "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕೇಳಿದರೆ ಎಷ್ಟೋ ಜನಕ್ಕೆ ಭಾರ ಇಳಿಯುತ್ತದೆ. ಹೌದು ಅಂದರೆ ಬೈಯಬಾರದು, ಆಣೆ ಹಾಕಿಸಿಕೊಳ್ಳಬಾರದು, ಒಬ್ಬರನ್ನೇ ಬಿಡಬಾರದು. ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಪರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಖರ್ಚಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಅಕ್ಕ ಒಳಗೆ ಹೋಗಿ ಫೋನ್ ತಂದು, ಕಾಂಪೌಂಡಿನ ಆಚೆಯಿಂದಲೇ ತಂಗಿಗೆ ಕರೆ ಮಾಡಿ, ಆ ಪ್ರಶ್ನೆಯನ್ನು ಕೇಳಿಯೇಬಿಟ್ಟರು. ಆ ಕಡೆಯಿಂದ ಅಳು, ಆಮೇಲೆ "ಸಾಯೋ ಯೋಚನೆ ಇಲ್ಲ ಅಕ್ಕ, ಸಾಕಾಗಿದೆ ಅಷ್ಟೆ. ನೀನು ಕೇಳಿದ್ಯಲ್ಲ..." ಅನ್ನುವುದು ನನಗೂ ಕೇಳಿಸಿತು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ ಅಂತ ನಾನು ಹೇಳಿದೆ. ಬರುತ್ತಾರಾ ಅಂತ ಅಲ್ಲಿಯ ಆಸ್ಪತ್ರೆಯಲ್ಲಿ ವಿಚಾರಿಸಿಡಲು ನಿನ್ನ ಗಂಡನಿಗೆ ಹೇಳು ಅಂದರು ಅಕ್ಕ. ನಾನೂ ಬರುತ್ತೇನೆ ಅಂದೆ.

"ಮಂಗಳವಾರ ದೇವಿಯ ವಾರ. ಮೊದಲು ಗುಡಿಗೆ ಹೋಗಿ ಆಮೇಲೆ ಆಸ್ಪತ್ರೆಗೆ ಹೋಗಬಹುದಾ?" ಅಂತ ಕೇಳಿದರು.

"ಮೊದಲು ಚೀಟಿ ಮಾಡಿಸಿಬಿಡೋಣ ಅಕ್ಕ, ಕ್ಯೂ ಉದ್ದ ಇರತ್ತೆ. ಗುಡಿ ಸಾಯಂಕಾಲವೂ ತೆಗೆದಿರತ್ತೆ. ಹಳೇ ರಕ್ತಪರೀಕ್ಷೆ ರಿಪೋರ್ಟು ಇದ್ರೆ ಎತ್ತಿಟ್ಕೊಳ್ಳೋಕೆ ಹೇಳಿ."